ಸೋರುವ ಕಿವಿ ಮತ್ತು ನಡುಗಿವಿಯ ಬೆಳವಣಿಗೆ

ದೇಹದಲ್ಲಿ ನೋವೆದ್ದರೆ ಮನುಷ್ಯನು ವೈದ್ಯನನ್ನು ಹುಡುಕಿಕೊಂಡು ಹೋಗುತ್ತಾನೆ. ಹಲ್ಲುನೋವು ಬಂದವನು ಬೆಳಗಾಗುವುದನ್ನೇ ಕಾಯುತ್ತಾನೆ. ಹೊಟ್ಟೆನೋವು ಬಂದವನು ಬೆಳಗಾಗುವವರೆಗೂ ಕಾಯುವುದಿಲ್ಲ. ನೋವಿಲ್ಲದೆ ಬರುವ ರೋಗವನ್ನಾದರೋ ನಮ್ಮ ಜನ ರೋಗವೆಂದೇ ಎಣಿಸುವುದಿಲ್ಲ. ಕಿವಿ ಸೋರುವುದು ಇಂಥ ರೋಗಗಳಲ್ಲೊಂದು. ದಿಂಬಿನ ಮೇಲೆ ಒಂದು ಕಲೆ, ಸ್ವಲ್ಪ ದುರ್ವಾಸನೆ, ಕಿವಿಯಲ್ಲಿಟ್ಟ ಒಂದು ಹತ್ತಿಯ ಉಂಡೆ, ಇಷ್ಟರಲ್ಲಿಯೇ ಹತ್ತಾರು ವರ್ಷ ಕಳೆದುಹೋಗುವುದುಂಟು. ಹೀಗೆ ಸೋರುವ ಕಿವಿಗಳಲ್ಲಿ ಹೆಚ್ಚಿನವು ಪ್ರಾಣಕ್ಕೆ ಎರವಾಗತಕ್ಕವುಗಳಲ್ಲ; ಕೆಲವು ಮಾತ್ರ ಆಗಬಲ್ಲವು. ಆ ಕೆಲವನ್ನು ಉಳಿದವುಗಳಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಮಾಡತಕ್ಕದ್ದೇನು ಎಂಬುದೇ ಈ ಭಾಷಣದ ವಿಷಯ. ನಾವು ವೈದ್ಯವೃತ್ತಿಯವರಲ್ಲ. ವೈದ್ಯಶಾಸ್ತ್ರವು ನಿಶ್ಚಯಿಸಿರುವುದನ್ನು ಗೃಹಸ್ಥರ ಮಾತಿನಲ್ಲಿ ಹೇಳುವುದಷ್ಟೇ ನಮ್ಮ ಕೆಲಸ.

ವಿಷಯವನ್ನು ಗಾಳಿಯಲ್ಲಿ ಬಿಡದೆ ಒಂದು ನೆಲದ ಮೇಲೆ ನಿಲ್ಲಿಸಬೇಕೆಂದು ಬೆಳಗಾವಿ ಜಿಲ್ಲೆಯ ಮೂರು ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇವೆ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭಾ ನದಿಯು ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ಸಿಕ್ಕಿ, ಅಲ್ಲಿಂದ ಮುಂದೆ ಗೋಕಾಕದ ಬಳಿ 52 ಮೀಟರು ಕೆಳಕ್ಕೆ ಧುಮುಕಿ, ಬಯಲಿಗಿಳಿಯುತ್ತದೆ. ಮೊದಲು ಗೋಕಾಕ ತಾಲ್ಲೂಕಿಗೇ ಸೇರಿದ್ದು, ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿಯ ಸೀಮೆ ಆ ಬಯಲಿನಲ್ಲಿದೆ. ಕಾಲುವೆಯ ನೀರು, ಕಬ್ಬಿನ ಗದ್ದೆ, ಹೊಳೆಯಲ್ಲಿ ಈಜುವ ಹುಡುಗರು, ಇವು ಅಲ್ಲಿಯ ಸಾಮಾನ್ಯ ನೋಟ. ನಾವು ಹೇಳುವ ರೋಗವು ಆ ಸೀಮೆಗೆ ಮೀಸಲಾದುದಲ್ಲ. ಬೆಂಗಳೂರು ಮೈಸೂರುಗಳಲ್ಲಿಯೂ ಉಂಟು, ಲಂಡನ್ನಿನಲ್ಲಿಯೂ ಉಂಟು. ಆದರೆ ಊರಿಗೂ ದೊಡ್ಡ ಆಸ್ಪತ್ರೆಗೂ ನಡುವೆ ಒಂದು ದಿನದ ಕೂಲಿ ಹೋಗುವಷ್ಟು ದೂರವಿರುವಲ್ಲಿ ಈ ರೋಗದ ಸ್ವಭಾವವೂ ಅದರ ಚಿಕಿತ್ಸೆಯ ಕಷ್ಟವೂ ಸ್ಪಷ್ಟವಾಗಿ ಕಾಣುತ್ತವೆ. ಪಟ್ಟಣದ ಕೇಳುಗರಿಗೂ ಇಂಥ ಊರುಗಳಲ್ಲಿ ನೆಂಟರಿಷ್ಟರು ಇದ್ದೇ ಇರುವರು.

ಮೊದಲು ಕಿವಿಯ ರಚನೆಯನ್ನು ನೋಡೋಣ. ಕಿವಿಯಲ್ಲಿ ಮೂರು ಭಾಗಗಳು: ಹೊರಗಿವಿ, ನಡುಗಿವಿ, ಒಳಗಿವಿ. ಹೊರಗಿವಿಯೆಂದರೆ ನಮಗೆ ಕಾಣುವ ಹಾಲೆಯೂ ಅಲ್ಲಿಂದ ಸುಮಾರು 2½ ಸೆಂಟಿಮೀಟರು ಒಳಕ್ಕೆ ಹೋಗುವ ಕೊಳವೆಯೂ ಆಗಿದೆ. ಈ ಕೊಳವೆಯ ತುದಿಯಲ್ಲಿ ಒಂದು ತೆಳ್ಳನೆಯ ಪರದೆ. ಇದೇ ಕಿವಿಯ ತಮಟೆ. ಇದರ ಅಗಲ ಸುಮಾರು 9 ಮಿಲಿಮೀಟರು, ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ತಮಟೆಯ ಹಿಂದಿರುವ ಗಾಳಿ ತುಂಬಿದ ಪುಟ್ಟ ಕೋಣೆಯೇ ನಡುಗಿವಿ. ಅದರಲ್ಲಿ ಮೂರು ಸಣ್ಣ ಎಲುಬುಗಳು ಸರಪಣಿಯಂತೆ ಕೂಡಿಕೊಂಡಿವೆ. ಆಕಾರವನ್ನು ನೋಡಿ ಅವಕ್ಕೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಹೆಸರಿಟ್ಟಿದ್ದಾರೆ. ರಿಕಾಪಿನ ಎತ್ತರ ಸುಮಾರು 3 ಮಿಲಿಮೀಟರು. ಮನುಷ್ಯದೇಹದಲ್ಲಿ ಇದಕ್ಕಿಂತ ಚಿಕ್ಕ ಎಲುಬಿಲ್ಲ. ತಮಟೆಯು ಶಬ್ದಕ್ಕೆ ನಡುಗಿದಾಗ ಆ ನಡುಕವನ್ನು ಈ ಸರಪಣಿಯು ಒಳಗಿವಿಯ ದ್ರವಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಮುಂದೆ ನರದ ಕೆಲಸ.

ನಡುಗಿವಿಯ ನೆರೆಹೊರೆಯನ್ನು ನೆನಪಿನಲ್ಲಿಡಬೇಕು, ಏಕೆಂದರೆ ರೋಗದ ಅಪಾಯವೆಲ್ಲ ಈ ನೆರೆಹೊರೆಯಿಂದಲೇ ಬರುವುದು. ಕೋಣೆಯ ಮೇಲ್ಭಾಗಕ್ಕೆ ವೈದ್ಯರು ಅಟ್ಟವೆಂದೇ ಹೆಸರಿಟ್ಟಿದ್ದಾರೆ. ಆ ಅಟ್ಟದ ಚಾವಣಿ ಒಂದು ತೆಳುವಾದ ಎಲುಬಿನ ಹಲಗೆ. ಅದರ ಮೇಲೆ ಮೆದುಳು. ಹಿಂಭಾಗದಲ್ಲಿ, ಕಿವಿಯ ಹಿಂದೆ ಕೈಗೆ ಗಟ್ಟಿಯಾಗಿ ಸಿಕ್ಕುವ ಮಾಸ್ಟಾಯಿಡ್ ಎಲುಬು. ಅದು ಜೇನುಗೂಡಿನಂತೆ ಗಾಳಿಯ ಗೂಡುಗಳಿಂದ ಕೂಡಿದೆ. ಅದಕ್ಕೆ ತಾಗಿಕೊಂಡು ಮೆದುಳಿನ ರಕ್ತವನ್ನು ಕೆಳಕ್ಕೊಯ್ಯುವ ದೊಡ್ಡ ರಕ್ತನಾಳ. ನಡುಗಿವಿಯ ಒಳಗೋಡೆಯಲ್ಲಿ ರಿಕಾಪಿನ ಮೇಲ್ಗಡೆ, ಮುಖದ ಸ್ನಾಯುಗಳನ್ನು ಆಡಿಸುವ ನರವು ತೆಳುವಾದ ಎಲುಬಿನ ಕೊಳವೆಯೊಳಗೆ ಹಾದುಹೋಗುತ್ತದೆ. ಪಕ್ಕದಲ್ಲಿಯೇ ದೇಹದ ಸಮತೋಲವನ್ನು ಕಾಯುವ ಅರ್ಧವೃತ್ತದ ನಾಳಗಳು. ಇಷ್ಟೆಲ್ಲ ಅಮೂಲ್ಯವಾದ ವಸ್ತುಗಳು ಒಂದು ಕಡಲೆಕಾಯಿಯಷ್ಟು ಸ್ಥಳದ ಸುತ್ತ ಸೇರಿಕೊಂಡಿವೆ.

ಈ ಕೋಣೆಗೆ ಗಾಳಿ ಎಲ್ಲಿಂದ ಬರುತ್ತದೆ? ಮೂಗಿನ ಹಿಂಭಾಗದಿಂದ ನಡುಗಿವಿಗೆ ಸುಮಾರು 3½ ಸೆಂಟಿಮೀಟರು ಉದ್ದದ ಒಂದು ನಾಳವಿದೆ. ಯುಸ್ಟೇಷಿಯನ್ ನಾಳವೆಂದು ಅದರ ಹೆಸರು. ನಾವು ಉಗುಳು ನುಂಗಿದಾಗಲೂ ಆಕಳಿಸಿದಾಗಲೂ ಅದು ಕ್ಷಣಮಾತ್ರ ತೆರೆದು ಒಳಗಿನ ಗಾಳಿಯನ್ನು ಹೊರಗಿನ ಗಾಳಿಗೆ ಸರಿದೂಗಿಸುತ್ತದೆ. ಮಕ್ಕಳಲ್ಲಿ ಈ ನಾಳ ಗಿಡ್ಡ, ಹೆಚ್ಚು ಅಡ್ಡಡ್ಡವಾಗಿಯೂ ಇರುವುದು. ಆದುದರಿಂದ ಮೂಗಿನ ನೆಗಡಿ ಮಕ್ಕಳಲ್ಲಿ ಬೇಗ ಕಿವಿಗೆ ಏರುತ್ತದೆ. ಸೀಳಂಗುಳದೊಂದಿಗೆ ಹುಟ್ಟಿದ ಮಕ್ಕಳಲ್ಲಿ ನಾಳದ ಸ್ನಾಯುಗಳು ಸರಿಯಾಗಿ ಕೆಲಸ ಮಾಡದಿರುವುದರಿಂದ ಅವರಿಗೆ ಅಪಾಯ ಇನ್ನೂ ಹೆಚ್ಚು.

ಇನ್ನು ಚರ್ಮದ ವಿಚಾರ. ನಮ್ಮ ಮೈಯ ಚರ್ಮ ದಿನದಿನವೂ ಸತ್ತು ಉದುರುತ್ತಿರುತ್ತದೆ. ಸ್ನಾನದಲ್ಲಿ ತಿಕ್ಕಿದರೆ ಹೋಗುತ್ತದೆ. ಕಿವಿಯ ಕೊಳವೆಯೊಳಗೆ ತಿಕ್ಕುವವರಾರು? ಸೃಷ್ಟಿಯು ಅಲ್ಲಿ ಬೇರೊಂದು ಏರ್ಪಾಡು ಮಾಡಿದೆ. ತಮಟೆಯ ಮೇಲಿನ ಚರ್ಮವು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು, ಎಂದರೆ ಉಗುರು ಬೆಳೆಯುವ ವೇಗದಲ್ಲಿ, ನಡುವಿನಿಂದ ಅಂಚಿಗೂ ಅಂಚಿನಿಂದ ಹೊರಕ್ಕೂ ತಾನಾಗಿ ಸರಿಯುತ್ತಿರುವುದು. ಸತ್ತ ಚರ್ಮವನ್ನೂ ಗುಗ್ಗೆಯನ್ನೂ ಅದೇ ಹೊತ್ತು ತಂದು ಹೊರಗೆ ಹಾಕುತ್ತದೆ. ಕಿವಿಗೆ ಕಡ್ಡಿ ಹಾಕುವ ಅಗತ್ಯವಿಲ್ಲವೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೆಗಡಿಯಿಂದಲೋ ಮೂಗಿನ ಹಿಂದಿನ ಗ್ರಂಥಿ ಊದಿಕೊಂಡುದರಿಂದಲೋ ಯುಸ್ಟೇಷಿಯನ್ ನಾಳವು ಬಹುಕಾಲ ಮುಚ್ಚಿಕೊಂಡಿತೆನ್ನಿ. ನಡುಗಿವಿಯ ಗಾಳಿಯನ್ನು ಅದರ ಒಳಪದರವು ಹೀರಿಕೊಳ್ಳುತ್ತದೆ. ಹೊಸ ಗಾಳಿ ಬರುವುದಿಲ್ಲ. ಒಳಗೆ ಒತ್ತಡ ಕಡಿಮೆಯಾಗಿ ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ತಮಟೆಯ ಮೇಲ್ಭಾಗ ಸ್ವಭಾವತಃ ಸಡಿಲವಾದುದು. ಅದು ಚೀಲದಂತೆ ಒಳಕ್ಕೆ ಅಟ್ಟದ ಕಡೆ ಜೋಲುತ್ತದೆ. ಚೀಲದ ಬಾಯಿ ಕಿರಿದು, ಒಳಗು ಅಗಲ. ಅದರೊಳಗೂ ಚರ್ಮ ಎಂದಿನಂತೆ ಸತ್ತು ಉದುರುತ್ತಲೇ ಇರುತ್ತದೆ. ಆದರೆ ಹೊರಗೆ ಬರಲು ದಾರಿಯಿಲ್ಲ. ಪದರದ ಮೇಲೆ ಪದರವಾಗಿ, ಈರುಳ್ಳಿಯಂತೆ, ಬಿಳಿಯ ಮುದ್ದೆಯೊಂದು ಬೆಳೆಯತೊಡಗುತ್ತದೆ. ಕೆಲವರಲ್ಲಿ ತಮಟೆಯ ಅಂಚಿನಲ್ಲಿ ಬಿದ್ದ ತೂತಿನ ಮೂಲಕ ಚರ್ಮವು ಒಳಕ್ಕೆ ಹಬ್ಬಿಯೂ ಹೀಗಾಗುವುದುಂಟು. ಅಪರೂಪವಾಗಿ, ಹುಟ್ಟುವ ಮೊದಲೇ ನಡುಗಿವಿಯಲ್ಲಿ ಉಳಿದುಹೋದ ಚರ್ಮದ ಕಣವೊಂದು, ತೂತಿಲ್ಲದ ತಮಟೆಯ ಹಿಂದೆ ಬಿಳಿಯ ಮುತ್ತಿನಂತೆ ಬೆಳೆಯುತ್ತದೆ. ಇಂಥದು ಚಿಕ್ಕ ಮಕ್ಕಳಲ್ಲಿ ಕಾಣುವುದು. ಕಿವಿ ಸೋರುವುದೂ ಇಲ್ಲ.

ಈ ಬೆಳವಣಿಗೆಗೆ ವೈದ್ಯರು ಕೊಲೆಸ್ಟಿಯಾಟೊಮ ಎನ್ನುತ್ತಾರೆ. ಫ್ರಾನ್ಸಿನ ಕ್ರುವೇಲಿಯೇ ಎಂಬಾತನು 1829ರಲ್ಲಿ ಇಂಥ ಬೆಳವಣಿಗೆಗೆ ಮುತ್ತಿನ ಗಂಟು ಎಂದು ಹೆಸರಿಟ್ಟನು. 1838ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯೂಲರನು ಅದರಲ್ಲಿ ಕೊಬ್ಬಿನ ಹರಳುಗಳಿವೆಯೆಂದು ತಿಳಿದು ಈಗಿನ ಹೆಸರನ್ನು ಕೊಟ್ಟನು. ಹೆಸರಿನಲ್ಲಿ ಕೊಬ್ಬೂ ಉಂಟು, ಗೆಡ್ಡೆಯೂ ಉಂಟು. ವಸ್ತುವಿನಲ್ಲಿ ಎರಡೂ ಇಲ್ಲ. ಇದು ಇರಬಾರದ ಸ್ಥಳದಲ್ಲಿ ಸಿಕ್ಕಿಕೊಂಡ ಚರ್ಮ, ಅಷ್ಟೇ. ಕ್ಯಾನ್ಸರ್ ಅಲ್ಲ, ರಕ್ತದ ಮೂಲಕ ದೂರದ ಅಂಗಗಳಿಗೆ ಹರಡುವುದಿಲ್ಲ. ರೋಗಿಗಳು ಹೆದರುವುದು ಗೆಡ್ಡೆಯೆಂಬ ಹೆಸರಿಗಾದುದರಿಂದ ಇದನ್ನು ಮೊದಲೇ ಹೇಳಿಬಿಡುವುದು ಮೇಲು.

ಹಾಗಾದರೆ ಅಪಾಯವೇನು? ಈ ಚೀಲವು ಎಲುಬನ್ನು ತಿನ್ನುತ್ತದೆ. ಸತ್ತ ಚರ್ಮಕ್ಕೆ ತೇವ ತಗುಲಿದರೆ ಕ್ರಿಮಿಗಳು ಸೇರಿ ಕೊಳೆಯುತ್ತದೆ, ಸುತ್ತಲೂ ಉರಿಯೂತವೇಳುತ್ತದೆ, ಉರಿಯೂತದಿಂದ ಹುಟ್ಟುವ ರಾಸಾಯನಿಕಗಳು ಎಲುಬನ್ನು ಕರಗಿಸುವ ಕಣಗಳನ್ನು ಎಬ್ಬಿಸುತ್ತವೆ. ವರ್ಷಗಟ್ಟಲೆ, ಸದ್ದಿಲ್ಲದೆ, ನೋವಿಲ್ಲದೆ, ಗೆದ್ದಲು ತೊಲೆಯನ್ನು ತಿನ್ನುವಂತೆ ಈ ಕೆಲಸ ನಡೆಯುತ್ತದೆ.

ನಮ್ಮ ಪ್ರಾಚೀನ ವೈದ್ಯರು ಕಿವಿಯ ಬೆಳವಣಿಗೆಗಳನ್ನು ಅರಿಯದವರಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 28 ಕರ್ಣರೋಗಗಳನ್ನು ಎಣಿಸಿದೆ. ಕಿವಿ ಸೋರುವ ಕರ್ಣಸ್ರಾವ, ದುರ್ಗಂಧವುಳ್ಳ ಪೂತಿಕರ್ಣ, ಇವನ್ನು ಬೇರೆ ಬೇರೆಯಾಗಿ ಹೇಳಿ, ಮೊಳೆಯಂಥ ಅರ್ಶಸ್ಸುಗಳನ್ನು ನಾಲ್ಕೆಂದೂ ಗಂಟುಗಳಾದ ಅರ್ಬುದಗಳನ್ನು ಏಳೆಂದೂ ವಿಂಗಡಿಸಿದೆ. ಬರಿಯ ಸೋರುವಿಕೆಯೂ ನಾರುವ ಸೋರುವಿಕೆಯೂ ಒಂದೇ ಅಲ್ಲವೆಂಬ ಈ ವಿವೇಕ ಇಂದಿಗೂ ರೋಗಪರೀಕ್ಷೆಯ ಮೊದಲ ಮೆಟ್ಟಿಲಾಗಿದೆ.

ನಡುಗಿವಿಯಲ್ಲಿ ಬೆಳೆಯುವ ಇತರ ವಸ್ತುಗಳನ್ನೂ ಇಲ್ಲಿಯೇ ಹೇಳಬೇಕು. ಬಹುಕಾಲ ಸೋರಿದ ಕಿವಿಯಲ್ಲಿ ಕೆಂಪಗೆ ಮಾಂಸದ ಮೊಳೆಯೊಂದು ಕಾಣಿಸಿಕೊಳ್ಳಬಹುದು; ಇದನ್ನು ಪಾಲಿಪ್ ಎನ್ನುತ್ತಾರೆ. ಅನೇಕ ವೇಳೆ ಅದರ ಹಿಂದೆ ಕೊಲೆಸ್ಟಿಯಾಟೊಮ ಅಡಗಿರುತ್ತದೆ. ಅದರ ಬೇರು ರಿಕಾಪಿಗೋ ಮುಖದ ನರಕ್ಕೋ ಅಂಟಿಕೊಂಡಿರಬಹುದಾದುದರಿಂದ ಅದನ್ನು ಚಿಮಟದಿಂದ ಹಿಡಿದೆಳೆಯುವುದು ಮಹಾ ಅನರ್ಥಕ್ಕೆ ಕಾರಣ. ಮತ್ತೊಂದು ಗ್ಲೋಮಸ್ ಎಂಬ ರಕ್ತಮಯವಾದ ಗೆಡ್ಡೆ. ತಮಟೆಯ ಹಿಂದೆ ಕೆಂಪಾಗಿ ಕಾಣುವ ಇದು ಇರುವವರಿಗೆ ನಾಡಿಯ ಬಡಿತಕ್ಕೆ ಸರಿಯಾಗಿ ಕಿವಿಯಲ್ಲಿ ಡವಡವ ಶಬ್ದ ಕೇಳಿಸುತ್ತದೆ. ಇದು ಅಪರೂಪ, ನಡುಗಿವಿಯ ಕ್ಯಾನ್ಸರ್ ಇನ್ನೂ ಅಪರೂಪ. ವಯಸ್ಸಾದವರಲ್ಲಿ ಹಳೆಯ ಸೋರುವ ಕಿವಿಯಿಂದ ರಕ್ತ ಬಂದು, ಬಿಡದ ನೋವು ಎದ್ದರೆ ಮಾತ್ರ ಅದನ್ನು ಶಂಕಿಸಿ ಪರೀಕ್ಷಿಸಬೇಕು.

ಸೋರುವ ಕಿವಿಗಳಲ್ಲಿ ಯಾವುದು ನಿರಪಾಯ, ಯಾವುದು ಅಪಾಯ? ಇದಕ್ಕೆ ಮನೆಯಲ್ಲಿಯೇ ತಕ್ಕಮಟ್ಟಿಗೆ ತಿಳಿಯುವ ಗುರುತುಗಳುಂಟು. ನೆಗಡಿಯಾದಾಗ, ಕಿವಿಗೆ ನೀರು ಹೋದಾಗ ಧಾರಾಳವಾಗಿ ಸೋರಿ, ಲೋಳೆಯಂತಿದ್ದು, ವಾಸನೆಯಿಲ್ಲದೆ, ಔಷಧದಿಂದ ನಿಂತುಹೋಗುವ ಕಿವಿಯಲ್ಲಿ ಸಾಮಾನ್ಯವಾಗಿ ತಮಟೆಯ ನಡುವೆ ತೂತು ಇರುತ್ತದೆ. ಅದಕ್ಕೂ ಚಿಕಿತ್ಸೆ ಬೇಕು, ಆದರೆ ಗಾಬರಿಗೆ ಕಾರಣವಿಲ್ಲ. ಸ್ವಲ್ಪವೇ ಸೋರುತ್ತ, ಕೆಟ್ಟ ನಾತವಿದ್ದು, ಔಷಧ ಹಾಕಿದರೂ ನಿಲ್ಲದೆ ಅಥವಾ ನಿಂತು ಮತ್ತೆ ಮತ್ತೆ ಬಂದು, ಕೆಲವು ವೇಳೆ ರಕ್ತದ ಎಳೆಯಿಂದ ಕೂಡಿರುವ ಸೋರುವಿಕೆ ಕೊಲೆಸ್ಟಿಯಾಟೊಮದ ಲಕ್ಷಣ. ಸೋರುವುದು ಕಡಿಮೆಯಾಗಿದೆಯೆಂದು ಸಮಾಧಾನಪಡುವವರು ಇದನ್ನು ಗಮನಿಸಬೇಕು: ಅಪಾಯದ ಕಿವಿ ಸೋರುವುದು ಕಡಿಮೆಯೇ. ಆದರೂ ಈ ಗುರುತುಗಳಿಂದ ಸಂಶಯ ಹುಟ್ಟಬಹುದೇ ಹೊರತು ನಿಶ್ಚಯವಾಗದು. ಆದುದರಿಂದ ಎರಡು ಮೂರು ವಾರಕ್ಕಿಂತ ಹೆಚ್ಚಾಗಿ ಸೋರುವ ಯಾವ ಕಿವಿಯನ್ನೇ ಆಗಲಿ ತಜ್ಞರಿಗೆ ತೋರಿಸತಕ್ಕದ್ದು.

ಇಂಥ ಕಿವಿಗಳು ಎಷ್ಟಿರಬಹುದು? ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ ಮಾಡಿದ ಅಂದಾಜಿನಂತೆ ಜಗತ್ತಿನಲ್ಲಿ 6½ ಕೋಟಿಯಿಂದ 33 ಕೋಟಿಯವರೆಗೆ ಜನರಿಗೆ ಕಿವಿ ಸೋರುವ ರೋಗವಿತ್ತು. ಭಾರತವನ್ನು ಅದು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿರುವ ದೇಶಗಳ ಸಾಲಿನಲ್ಲಿ ಸೇರಿಸಿತು. ಇವರಲ್ಲಿ ಕೊಲೆಸ್ಟಿಯಾಟೊಮವುಳ್ಳವರು ಅಲ್ಪಭಾಗವೇ. ಆದರೆ ಗುಂಪು ದೊಡ್ಡದಾದಾಗ ಅದರ ಅಲ್ಪಭಾಗವೂ ಅಲ್ಪವಾಗಿ ಉಳಿಯುವುದಿಲ್ಲ.

ಚಿಕಿತ್ಸೆಯಿಲ್ಲದೆ ಬಿಟ್ಟರೆ ಆಗುವ ಹಾನಿಯನ್ನು ಕ್ರಮವಾಗಿ ಹೇಳುತ್ತೇವೆ. ಮೊದಲು ಕರಗುವುದು ಅಡಿಗಲ್ಲಿನ ಉದ್ದನೆಯ ಕಾಲು. ಸರಪಣಿ ತುಂಡಾದರೆ ಕಿವಿ ಮಂದವಾಗುತ್ತದೆ. ಇಲ್ಲಿ ಒಂದು ವಿಚಿತ್ರವುಂಟು: ಕೆಲವರಲ್ಲಿ ಎಲುಬು ಕರಗಿದ ತೆರಪನ್ನು ಆ ಮುದ್ದೆಯೇ ತುಂಬಿಕೊಂಡು ಶಬ್ದವನ್ನು ದಾಟಿಸುವುದರಿಂದ ರೋಗಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಆದಕಾರಣ ಕಿವಿ ಕೇಳಿಸುತ್ತದೆಯೆಂಬುದು ರೋಗವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಮುಂದೆ ಸಮತೋಲದ ನಾಳದ ಗೋಡೆ ಸವೆದರೆ ತಲೆ ತಿರುಗುತ್ತದೆ. ಮುಖದ ನರ ಸಿಕ್ಕಿಬಿದ್ದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ಆ ಕಡೆಯ ಕಣ್ಣು ಮುಚ್ಚುವುದಿಲ್ಲ. ಕೀವು ಮಾಸ್ಟಾಯಿಡ್ ಎಲುಬನ್ನು ಒಡೆದುಕೊಂಡು ಬಂದರೆ ಕಿವಿಯ ಹಿಂದೆ ಬಾವು ಎದ್ದು ಹಾಲೆ ಮುಂದಕ್ಕೆ ತಳ್ಳಲ್ಪಡುತ್ತದೆ. ಅಟ್ಟದ ಚಾವಣಿಯನ್ನು ದಾಟಿದರೆ ಮೆದುಳಿನ ಪೊರೆಯ ಉರಿಯೂತ, ಮೆದುಳಿನಲ್ಲಿ ಕೀವುಗಟ್ಟುವುದು, ಇವು ಸಂಭವಿಸುತ್ತವೆ. ಸೋರುವ ಕಿವಿಯುಳ್ಳವರಿಗೆ ಚಳಿಜ್ವರ, ತೀವ್ರವಾದ ತಲೆನೋವು, ವಾಂತಿ, ಕುತ್ತಿಗೆ ಬಿಗಿಯುವುದು, ತಲೆ ತಿರುಗುವುದು, ಮುಖ ಸೊಟ್ಟಗಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಮಾರನೆಯ ದಿನವೆಂದರೆ ತಡ.

ಆಂಗ್ಲ ಸಾಹಿತ್ಯವನ್ನು ಓದಿದ ಕೇಳುಗರಿಗೆ ಇಲ್ಲಿ ಒಂದು ಉದಾಹರಣೆ ನೆನಪಾಗಬಹುದು. ನಾಟಕಕಾರನಾದ ಆಸ್ಕರ್ ವೈಲ್ಡನು 1900ನೆಯ ನವೆಂಬರ್ 30ರಂದು ಪ್ಯಾರಿಸಿನಲ್ಲಿ ತನ್ನ 46ನೆಯ ವಯಸ್ಸಿನಲ್ಲಿ ಮರಣಹೊಂದಿದನು. ಅವನ ಬಲಗಿವಿಯ ಹಳೆಯ ರೋಗವು ಮೆದುಳಿಗೆ ಹಬ್ಬಿದುದೇ ಕಾರಣವೆಂದೂ, ಆ ರೋಗ ಪ್ರಾಯಶಃ ಕೊಲೆಸ್ಟಿಯಾಟೊಮವೆಂದೂ 2000ದಲ್ಲಿ ಇಬ್ಬರು ವೈದ್ಯರು ವಾದಿಸಿದರು. ಅವನ ತಂದೆ ವಿಲಿಯಂ ವೈಲ್ಡನು ಡಬ್ಲಿನ್ನಿನ ಹೆಸರಾಂತ ಕರ್ಣವೈದ್ಯ. ಕಿವಿಯ ಹಿಂದೆ ಹಾಕುವ ಒಂದು ಶಸ್ತ್ರಚ್ಛೇದಕ್ಕೆ ಇಂದಿಗೂ ಅವನ ಹೆಸರಿದೆ. ಕರ್ಣವೈದ್ಯನ ಮಗನನ್ನೂ ಈ ರೋಗ ಬಿಡದಿದ್ದುದು ಆ ಕಾಲದ ಮಿತಿ. ನಮ್ಮ ಕಾಲಕ್ಕೆ ಆ ನೆಪವಿಲ್ಲ.

ಹೀಗಿದ್ದರೂ ಜನ ತಡಮಾಡುವುದೇಕೆ? ಗೋಕಾಕ ಹುಕ್ಕೇರಿಗಳ ಕಡೆ ಹಿರಿಯರು ಆಡುವ ಮಾತೊಂದುಂಟು: “ಸೋರಲಿ ಬಿಡವ್ವಾ, ಒಳಗಿನ ಹೊಲಸು ಹೊರಗ ಹೋಗತೈತಿ, ದೊಡ್ಡಾಂವ ಆದಮ್ಯಾಗ ತಾನ ನಿಲ್ಲತೈತಿ.” ಇದರಲ್ಲಿ ಮಗುವಿನ ಮೇಲಿನ ಅಕ್ಕರೆಯೂ ಉಂಟು, ಅನುಭವದ ಅಂಶವೂ ಉಂಟು, ಏಕೆಂದರೆ ಎಷ್ಟೋ ಮಕ್ಕಳ ಕಿವಿ ನಿಜವಾಗಿಯೂ ತಾನಾಗಿ ನಿಲ್ಲುತ್ತದೆ. ನಿಲ್ಲದ ಮಗುವಿನ ವಿಷಯದಲ್ಲಿ ಮಾತ್ರ ಈ ಮಾತು ಮೋಸಮಾಡುತ್ತದೆ. ಇನ್ನು ಬೆಳ್ಳುಳ್ಳಿ ಕಾಸಿದ ಎಣ್ಣೆ, ಸೊಪ್ಪಿನ ರಸ, ಸಂತೆಯಲ್ಲಿ ಕಿವಿ ತೆಗೆಯುವವನ ಕಡ್ಡಿ, ಔಷಧದಂಗಡಿಯಲ್ಲಿ ಕೇಳಿ ತಂದ ಹನಿ. ತಮಟೆಯಲ್ಲಿ ತೂತಿರುವ ಕಿವಿಗೆ ಎಣ್ಣೆ ಹಾಕಿದರೆ ಅದು ನೇರವಾಗಿ ನಡುಗಿವಿಗೆ ಹೋಗುತ್ತದೆ. ಕೆಲವು ಜಾತಿಯ ಹನಿಗಳು ಒಳಗಿವಿಯ ನರವನ್ನೇ ಕೆಡಿಸಬಲ್ಲವು. ಹೊಳೆ ಕಾಲುವೆಗಳಲ್ಲಿ ಈಜುವ ಹುಡುಗನ ಕಿವಿಗೆ ನೀರು ಹೊಕ್ಕಾಗಲೆಲ್ಲ ಒಳಗಿನ ಸತ್ತ ಚರ್ಮ ನೆನೆದು ಕೊಳೆಯುತ್ತದೆ. ಮತ್ತೊಂದು ತಪ್ಪು ತಿಳಿವಳಿಕೆಯೂ ಉಂಟು. ಗೋಕಾಕದ ಜಲಪಾತದ ಬಳಿ 1887ರಲ್ಲಿ ಆರಂಭವಾದಂಥ ನೂಲಿನ ಗಿರಣಿಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕಿವಿ ಮಂದವಾಗುವುದು ಸಂಭವ. ಆದರೆ ಅದು ನರದ ಕಿವುಡು. ಎರಡು ಕಿವಿಗೂ ಬರುವುದು, ಸೋರುವುದಿಲ್ಲ. ಒಂದೇ ಕಿವಿ ಮಂದವಾಗಿ ಅದು ಸೋರುತ್ತಲೂ ಇದ್ದರೆ ಗಿರಣಿಯ ಮೇಲೆ ದೋಷ ಹೊರಿಸಿ ಸುಮ್ಮನಿರುವುದು ಸಲ್ಲದು.

ತಜ್ಞರ ಬಳಿಗೆ ಹೋದಾಗ ಅವರು ಮಾಡುವುದೇನು? ಸೂಕ್ಷ್ಮದರ್ಶಕದಿಂದಲೋ ಎಂಡೊಸ್ಕೋಪೆಂಬ ಕಿರುನಳಿಗೆಯಿಂದಲೋ ನೋಡುತ್ತ ಕಿವಿಯ ಕೊಳೆಯನ್ನು ಹೀರಿ ತೆಗೆದು ತಮಟೆಯನ್ನು ಪರೀಕ್ಷಿಸುತ್ತಾರೆ. ಕವಲುಕಡ್ಡಿಯನ್ನು ಮಿಡಿದು ಒಮ್ಮೆ ಕಿವಿಯ ಮುಂದೆ, ಒಮ್ಮೆ ಕಿವಿಯ ಹಿಂದಿನ ಎಲುಬಿನ ಮೇಲೆ ಇಟ್ಟು ಎಲ್ಲಿ ಹೆಚ್ಚು ಕೇಳಿಸುತ್ತದೆಂದು ವಿಚಾರಿಸುತ್ತಾರೆ. ಎಲುಬಿನ ಮೇಲೆ ಹೆಚ್ಚು ಕೇಳಿಸಿದರೆ ಸಾಮಾನ್ಯವಾಗಿ ದೋಷವು ನರದಲ್ಲಿಲ್ಲ, ಶಬ್ದದ ಹಾದಿಯಲ್ಲಿದೆ. ಅನಂತರ ಯಂತ್ರದಿಂದ ಶ್ರವಣಶಕ್ತಿಯನ್ನು ಅಳೆಯುತ್ತಾರೆ. ಎಲುಬು ಎಲ್ಲೆಲ್ಲಿ ಸವೆದಿದೆಯೆಂಬುದು ಸಿ.ಟಿ. ಚಿತ್ರದಲ್ಲಿ ಕಾಣುತ್ತದೆ. ಇವುಗಳಲ್ಲಿ ಯಾವುದರಿಂದಲೂ ನೋವಿನ ಭಯವಿಲ್ಲ.

ಔಷಧದಿಂದ ಇದು ಗುಣವಾಗದೇ ಎಂದು ಎಲ್ಲರೂ ಕೇಳುತ್ತಾರೆ. ಹನಿಯೂ ಮಾತ್ರೆಯೂ ಕ್ರಿಮಿಗಳನ್ನು ಕೊಲ್ಲಬಲ್ಲವು. ಸೋರುವುದು ಕೆಲಕಾಲ ನಿಲ್ಲಬಹುದು. ಆದರೆ ಚೀಲ ಅಲ್ಲಿಯೇ ಇರುತ್ತದೆ. ಬೇರೂರಿದ ಚೀಲವನ್ನು ತೆಗೆಯಲು ಶಸ್ತ್ರಚಿಕಿತ್ಸೆಯೊಂದೇ ಮಾರ್ಗ. ಈ ಶಸ್ತ್ರವಿದ್ಯೆಯೂ ಕ್ರಮವಾಗಿ ಬೆಳೆದುಬಂದುದು. 1873ರಲ್ಲಿ ಜರ್ಮನಿಯ ಶ್ವಾರ್ಟ್ಸೆ ಎಂಬಾತನು ಮಾಸ್ಟಾಯಿಡ್ ಎಲುಬನ್ನು ಕ್ರಮಬದ್ಧವಾಗಿ ಕೊರೆದು ಕೀವನ್ನು ಹೊರಡಿಸುವ ವಿಧಾನವನ್ನು ಪ್ರಚಾರಕ್ಕೆ ತಂದನು. ಆಮೇಲಿನವರು ಪ್ರಾಣವುಳಿಸುವುದಕ್ಕಾಗಿ ನಡುಗಿವಿಯ ಎಲ್ಲ ವಸ್ತುಗಳನ್ನೂ ತೆಗೆದುಹಾಕುತ್ತಿದ್ದರು. ಪ್ರಾಣ ಉಳಿಯುತ್ತಿತ್ತು, ಶ್ರವಣ ಹೋಗುತ್ತಿತ್ತು. 1910ರಲ್ಲಿ ಆಸ್ಟ್ರಿಯದ ಬೋಂಡಿಯು ಉಳಿಸಬಹುದಾದುದನ್ನು ಉಳಿಸುವ ಮಾರ್ಗವನ್ನು ತೋರಿಸಿದನು. ಸ್ವೀಡನ್ನಿನ ವೈದ್ಯರು 1921–22ರಲ್ಲಿ ಕಿವಿಯ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕವನ್ನು ತಂದರು. 1950ರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೈನ್, ಟ್ಸೋಲ್ನರ್ ಎಂಬವರು ತಮಟೆಯನ್ನೂ ಎಲುಬಿನ ಸರಪಣಿಯನ್ನೂ ಮತ್ತೆ ಕಟ್ಟುವ ವಿದ್ಯೆಯನ್ನು ರೂಪಿಸಿದರು. ಈಚಿನ ದಶಕಗಳಲ್ಲಿ ಎಂಡೊಸ್ಕೋಪ್ ಬಂದು, ನೇರವಾಗಿ ಕಾಣದ ಮೂಲೆಗಳೂ ಕಾಣುವಂತಾಗಿವೆ.

ಇಂದಿನ ಶಸ್ತ್ರವೈದ್ಯನ ಗುರಿಗಳಿಗೆ ಒಂದು ಕ್ರಮವಿದೆ. ಮೊದಲನೆಯದು, ರೋಗವನ್ನು ಪೂರ್ಣವಾಗಿ ತೆಗೆದು ಪ್ರಾಣಾಪಾಯವನ್ನು ನೀಗುವುದು. ಎರಡನೆಯದು, ಕಿವಿಯನ್ನು ಒಣಗಿಸುವುದು. ಮೂರನೆಯದು, ಶ್ರವಣವನ್ನು ಉಳಿಸುವುದು ಅಥವಾ ಮರಳಿ ತರುವುದು. ರೋಗಿಗಳ ಮನಸ್ಸಿನಲ್ಲಿ ಈ ಕ್ರಮ ತಲೆಕೆಳಗಾಗಿರುವುದರಿಂದ ಶಸ್ತ್ರಕ್ರಿಯೆಯಾದ ಮೇಲೂ ಕಿವಿ ಮಂದವಾಗಿದ್ದರೆ ನಿರಾಶೆಯಾಗುವುದುಂಟು.

ಶಸ್ತ್ರಕ್ರಿಯೆಯಲ್ಲಿ ಮುಖ್ಯವಾಗಿ ಎರಡು ವಿಧ. ಕಿವಿಯ ಕೊಳವೆಯ ಹಿಂಗೋಡೆಯನ್ನು ಉಳಿಸಿ, ಅದರ ಮುಂದಿನಿಂದಲೂ ಹಿಂದಿನಿಂದಲೂ ರೋಗವನ್ನು ತೆಗೆಯುವುದು ಒಂದು. ಕಿವಿಯ ಸಹಜರೂಪ ಉಳಿಯುತ್ತದೆ, ಮುಂದೆ ನೀರಿನ ಭಯ ಕಡಿಮೆ. ಆದರೆ ಮರೆಯಲ್ಲಿ ರೋಗದ ಕಣ ಉಳಿದು ಮತ್ತೆ ಬೆಳೆಯುವ ಸಂಭವ ಹೆಚ್ಚು. ಆದುದರಿಂದ ಸುಮಾರು ಒಂದು ವರ್ಷದೊಳಗೆ ಮತ್ತೆ ತೆರೆದು ನೋಡುವುದೋ, ಎಂ.ಆರ್.ಐ. ಚಿತ್ರದಿಂದ ಪರೀಕ್ಷಿಸುವುದೋ ಅವಶ್ಯವಾಗುತ್ತದೆ. ಹಿಂಗೋಡೆಯನ್ನೂ ತೆಗೆದು ಎಲ್ಲವನ್ನೂ ಒಂದೇ ಬಯಲಾಗಿ ಮಾಡುವುದು ಇನ್ನೊಂದು. ರೋಗ ಮರಳುವ ಸಂಭವ ಕಡಿಮೆ, ಮರಳಿದರೂ ಕಣ್ಣಿಗೆ ಕಾಣುತ್ತದೆ. ಆದರೆ ಆ ಬಯಲನ್ನು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ವೈದ್ಯರಿಂದ ಶುಚಿಮಾಡಿಸಿಕೊಳ್ಳುತ್ತ, ನೀರು ಹೋಗದಂತೆ ಜೀವಮಾನವಿಡೀ ಕಾಪಾಡಬೇಕು. ಎರಡರಲ್ಲಿಯೂ ತಲೆಯ ಪಕ್ಕದ ಸ್ನಾಯುವಿನ ಪೊರೆಯಿಂದ ಹೊಸ ತಮಟೆಯನ್ನೂ, ಹಾಲೆಯ ಮೃದ್ವಸ್ಥಿಯಿಂದಲೋ ಟೈಟೇನಿಯಂ ಲೋಹದಿಂದಲೋ ಸರಪಣಿಯನ್ನೂ ಕಟ್ಟಬಹುದು. ಮುಖದ ನರಕ್ಕೆ ಪೆಟ್ಟು, ಶ್ರವಣನಾಶ, ತಲೆತಿರುಗು, ನಾಲಗೆಯ ರುಚಿಯಲ್ಲಿ ವ್ಯತ್ಯಾಸ ಎಂಬ ಅಪಾಯಗಳು ಶಸ್ತ್ರಕ್ರಿಯೆಯಲ್ಲಿಯೂ ಇಲ್ಲದಿಲ್ಲ. ಆದರೆ ನುರಿತ ಕೈಯಲ್ಲಿ ಭಾರಿ ಅಪಾಯಗಳು ವಿರಳ. ರೋಗವನ್ನು ಬಿಟ್ಟುಬಿಡುವುದರ ಅಪಾಯಕ್ಕೆ ಅವು ಸಮನಲ್ಲ.

ಇಲ್ಲಿಯೇ ದೂರದ ಪ್ರಶ್ನೆ ಬರುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿಗಳಿಂದ ಬೆಳಗಾವಿಗೆ ಸುಮಾರು 50ರಿಂದ 90 ಕಿಲೋಮೀಟರು. 1963ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಸರ್ಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಅಲ್ಲಿವೆ. ಒಮ್ಮೆ ಹೋಗಿಬರುವುದು ಯಾರಿಗೂ ಅಸಾಧ್ಯವಲ್ಲ. ಈ ರೋಗ ಕೇಳುವುದು ಮತ್ತೆ ಮತ್ತೆ ಹೋಗುವುದನ್ನು. ವರ್ಷ ಬಿಟ್ಟು ಎರಡನೆಯ ಶಸ್ತ್ರಕ್ರಿಯೆಗೆ ಬರುವನೋ ಇಲ್ಲವೋ ಎಂಬ ಸಂಶಯವಿರುವ ರೋಗಿಗೆ ವೈದ್ಯರು ಅನೇಕ ವೇಳೆ ಹಿಂಗೋಡೆ ತೆಗೆಯುವ ವಿಧಾನವನ್ನೇ ಆರಿಸುತ್ತಾರೆ. ಎಂದರೆ, ಕಿವಿಗೆ ಯಾವ ಚಿಕಿತ್ಸೆಯೆಂಬುದನ್ನು ರೋಗವೊಂದೇ ನಿರ್ಣಯಿಸುವುದಿಲ್ಲ. ಬಸ್ಸಿನ ದರವೂ ಕಬ್ಬು ಕಡಿಯುವ ಸುಗ್ಗಿಯೂ ಮನೆಯಲ್ಲಿ ಜೊತೆಗೆ ಬರುವವರಿದ್ದಾರೆಯೇ ಎಂಬುದೂ ಸೇರಿ ನಿರ್ಣಯಿಸುತ್ತವೆ. ಇದನ್ನು ಅರಿತ ಬಂಧುಗಳು ರೋಗಿಗೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಮುಂದಿನ ತಪಾಸಣೆಯ ತಾರೀಖನ್ನು ನೆನಪಿಟ್ಟು ಕರೆದುಕೊಂಡುಹೋಗುವುದು. ಕಿವಿ ಒಣಗಿತೆಂದು ಎರಡನೆಯ ವರ್ಷದಿಂದ ಹೋಗುವುದನ್ನು ಬಿಟ್ಟವರಲ್ಲಿ ರೋಗ ಯಾರಿಗೂ ತಿಳಿಯದೆ ಮರಳಬಹುದು; ಐದು ವರ್ಷವಾದರೂ ಬಿಡದೆ ತೋರಿಸಬೇಕು.

ಸರ್ಕಾರದ ಕಡೆಯಿಂದ ಸಹಾಯವಿಲ್ಲದಿಲ್ಲ. ಕಿವುಡುತನವನ್ನು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006–07ರಲ್ಲಿ ಆರಂಭವಾಯಿತು. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಶಾಲೆಗಳಲ್ಲಿಯೇ ಪರೀಕ್ಷಿಸುತ್ತಾರೆ. ಅವರು ನೋಡಬೇಕಾದ ದೋಷಗಳ ಪಟ್ಟಿಯಲ್ಲಿ ನಡುಗಿವಿಯ ಉರಿಯೂತವೂ ಸೇರಿದೆ. ಬಡಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯುಂಟು. ಶಸ್ತ್ರಕ್ರಿಯೆಗೆ ಮೊದಲು ಆಸ್ಪತ್ರೆಯಲ್ಲಿ ಅದರ ವಿಚಾರವನ್ನು ಕೇಳಿಕೊಳ್ಳಬೇಕು. ಶ್ರವಣದ ಪರೀಕ್ಷೆಗೂ ಶ್ರವಣಯಂತ್ರಕ್ಕೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರುವಾಸಿಯಾದುದು. ಆದರೆ ಮಗುವಿನ ಕಿವಿ ನಾರುತ್ತಿದೆಯೆಂಬುದು ಮೊದಲು ತಿಳಿಯುವುದು ತಾಯಿಗೆ, ಆಮೇಲೆ ಪಕ್ಕದಲ್ಲಿ ಕುಳಿತ ಸಹಪಾಠಿಗೆ, ಅನಂತರ ಉಪಾಧ್ಯಾಯರಿಗೆ. ಕರೆದರೆ ಓಗೊಡದ ಹುಡುಗನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳುಹಿಸುವ ಮೊದಲು ಉಪಾಧ್ಯಾಯರು ಅವನ ಕಿವಿಯಲ್ಲಿ ಹತ್ತಿಯಿದೆಯೇ ಎಂದು ನೋಡುವುದು ಒಳ್ಳೆಯದು.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು ಕೆಲವೇ. ಮಗುವನ್ನು ಅಂಗಾತ ಮಲಗಿಸಿ ಹಾಲು ಕುಡಿಸಬಾರದು. ತಲೆಯನ್ನು ಎತ್ತಿ ಹಿಡಿಯಬೇಕು. ಒಲೆಯ ಹೊಗೆಯಿಂದಲೂ ಬೀಡಿ ಸಿಗರೇಟಿನ ಹೊಗೆಯಿಂದಲೂ ದೂರವಿಡಬೇಕು. ಲಸಿಕೆಗಳನ್ನು ತಪ್ಪಿಸಬಾರದು, ಕಿವಿಯ ಸೋಂಕಿಗೆ ಕಾರಣವಾದ ನ್ಯೂಮೊಕಾಕಸ್ ಕ್ರಿಮಿಯ ಲಸಿಕೆಯನ್ನು 2021ರಲ್ಲಿ ದೇಶದ ಎಲ್ಲ ಕಡೆಗೂ ವಿಸ್ತರಿಸಲಾಯಿತು. ಸೋರುವ ಕಿವಿಗೆ ಎಣ್ಣೆ, ರಸ, ಕಡ್ಡಿ ಯಾವುದನ್ನೂ ಹಾಕಬಾರದು. ಸ್ನಾನಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು, ಆದಮೇಲೆ ತೆಗೆದುಬಿಡಬೇಕು. ವೈದ್ಯರು ಒಪ್ಪುವವರೆಗೆ ಹೊಳೆಗೂ ಕಾಲುವೆಗೂ ಇಳಿಯಬಾರದು.

ನಡುಗಿವಿಯ ಈ ಬೆಳವಣಿಗೆಯನ್ನು ಬೇಗ ಹಿಡಿದರೆ ಒಂದು ಶಸ್ತ್ರಕ್ರಿಯೆಯಲ್ಲಿ ಮುಗಿಯಬಹುದು, ಶ್ರವಣವೂ ಬಹುಮಟ್ಟಿಗೆ ಉಳಿಯಬಹುದು. ತಡವಾಗಿ ಹಿಡಿದರೆ ಪ್ರಾಣವುಳಿದರೂ ಕಿವಿ ಉಳಿಯುವುದು ಕಷ್ಟ. ಬೇಗ ಹಿಡಿಯುವುದು ತಮಟೆಯನ್ನು ನೋಡಿಸುವುದರಿಂದ ಮಾತ್ರ ಆಗತಕ್ಕದ್ದು. ನೋವು ಬರಲೆಂದು ಕಾದರೆ ಆಗದು. ಈ ಹೊತ್ತು ಕೇಳುಗರ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಊರಿನ ನೆಂಟರಲ್ಲಾಗಲಿ ಕಿವಿಯಲ್ಲಿ ಹತ್ತಿಯಿಟ್ಟುಕೊಂಡು ಓಡಾಡುವವರು ಇದ್ದರೆ, ಎಷ್ಟು ದಿನದಿಂದ ಸೋರುತ್ತಿದೆ, ವಾಸನೆಯಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಅವರಿಗೆ ಕೇಳಿ, ಉತ್ತರಕ್ಕೆ ತಕ್ಕಂತೆ ಈ ವಾರದಲ್ಲಿಯೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ಪ್ರಾರ್ಥಿಸುತ್ತೇವೆ.